ತೊಟ್ಟಿಲ ಪಕ್ಕದ ಬಿಲ್ಲೆ

ಬಾಂಬು ಪರೀಕ್ಷೆಯ ಬಯಲಿನಿಂದ ಮಣ್ಣು ಹೊತ್ತು ತರುವ ಲಾರಿ ಡ್ರೈವರುಗಳಿಗೆಲ್ಲ ಎದೆಗೆ ಸಿಕ್ಕಿಸಿಕೊಳ್ಳಲು ಒಂದೊಂದು ಬಿಲ್ಲೆ ಕೊಟ್ಟಿದ್ದರು. ವಿಕಿರಣ ತಾಗಿದಷ್ಟೂ ಅದರೊಳಗಿನ ಫಿಲ್ಮು ಕಪ್ಪಾಗುತ್ತದೆ. ತೀರಾ ಕಪ್ಪಾದರೆ ಕೆಲಸ ಬಿಡಿಸಿ ಮನೆಗೆ ಕಳಿಸುತ್ತಾರೆ. ಡ್ರೈವರುಗಳ ಜಾಣತನಕ್ಕೇನು ಬರ? ಬಿಲ್ಲೆಯನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದರು. ಗುಂಗುರು ಕೂದಲಿನ ಡ್ರೈವರು ತನ್ನದನ್ನು ಮಗಳ ತೊಟ್ಟಿಲ ಪಕ್ಕದ ಕಿಟಕಿಗೆ ತೂಗುಹಾಕಿದ್ದ.

ತಿಂಗಳ ಕೊನೆಗೆ ತಪಾಸಣೆಯ ಮೇಡಂ ಅವನ ಫಿಲ್ಮನ್ನು ಬೆಳಕಿಗೆ ಹಿಡಿದರು. ಅದು ಮಸಿಯಾಗಿತ್ತು.

"ಏನಪ್ಪಾ, ಬಾಂಬನ್ನೇ ತಬ್ಕೊಂಡು ಮಲಗಿದ್ಯಾ?"

ಅವನಿಗೆ ಮನೆಯ ಕಿಟಕಿ ನೆನಪಾಯಿತು. ಹೋದ ವಾರ ಬಯಲಿನ ಗಾಳಿ ಊರಿನತ್ತ ತಿರುಗಿತ್ತು. ಕಿಟಕಿಯ ಮೇಲೆ ಕೂತಿದ್ದ ಬೂದಿಯಂಥ ಧೂಳನ್ನು ಹೆಂಡತಿ ಬರಿಗೈಯಲ್ಲಿ ಒರೆಸಿದ್ದಳು.

"ಮೇಡಂ, ಬಿಲ್ಲೆ ಮನೇಲೇ ಇತ್ತು. ನಾನು ಹಾಕ್ಕೊಂಡೇ ಇರ್ಲಿಲ್ಲ," ಎಂದು ಬಾಯಿಬಿಟ್ಟ.

"ಕೆಲಸ ಉಳಿಸ್ಕೊಳೋಕೆ ಎಲ್ರೂ ಹೀಗೇ ಹೇಳೋದು. ಊರೊಳಗೆ ಏನೂ ಇಲ್ಲ ಅಂತ ಮೇಲಿನವರೇ ಹೇಳಿದಾರೆ," ಎಂದು ಮೇಡಂ ಕೈ ಚಾಚಿದರು. "ಊರ ಸುತ್ತಿನ ಬೇಲಿ ದಾಟೋ ಪಾಸು ಕೊಡು ಇಲ್ಲಿ. ಇನ್ಮೇಲೆ ಊರು ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ. ಮನೇಲಿ ಮಗು ಆಡಿಸ್ಕೊಂಡು ಹಾಯಾಗಿರು."