ಕಾಪು ಸಮುದ್ರಕ್ಕೆ ಉಡಿ ತುಂಬಿದ್ದು

ಗಂಡ ಸತ್ತವಳು ಉಡಿ ತುಂಬಬಾರದು ಎಂದು ಯಾರು ಹೇಳಿದರೋ ಗೊತ್ತಿಲ್ಲ. ನನ್ನನ್ನು ಕೇಳಿಯಂತೂ ಹೇಳಿದ್ದಲ್ಲ.

ಎರಡು ಸಾವಿರದ ಮೂರನೇ ಇಸವಿ. ಮಣಿಪಾಲದಲ್ಲಿ ಹಾಸ್ಟೆಲೊಂದರ ಕೊನೆಯ ಸ್ಲ್ಯಾಬ್ ಮುಗಿದಾಗ ಕಂಟ್ರಾಕ್ಟರು ನಮ್ಮ ಗ್ಯಾಂಗಿಗೆ ಭಾನುವಾರ ಟೆಂಪೊ ಮಾಡಿಕೊಟ್ಟರು. ಮೊದಲು ಕಾರ್ಕಳದ ಗೊಮ್ಮಟ, ಆಮೇಲೆ ಕಾಪು. ಬಾಗಲಕೋಟೆ ಕಡೆಯಿಂದ ಬಂದು ವರ್ಷಗಟ್ಟಲೆ ಆ ಗುಡ್ಡದ ಮೇಲೆ ಕಾಂಕ್ರೀಟು ಹೊತ್ತವರು ನಾವು. ಮೇಲಿನ ಮಹಡಿಯಿಂದ ದೂರದಲ್ಲಿ ಸಮುದ್ರ ಬೆಳ್ಳಗೆ ಕಾಣುತ್ತಿತ್ತು, ಹತ್ತಿರ ಹೋದವರು ಒಬ್ಬರೂ ಇರಲಿಲ್ಲ. ನನ್ನ ಗಂಡ ಕರಿಬಸವನಂತೂ ಅದನ್ನು ಹತ್ತಿರದಿಂದ ನೋಡದೆಯೇ ಜ್ವರದಲ್ಲಿ ಹೋಗಿಬಿಟ್ಟ.

ನಮ್ಮ ಕಡೆ ಹೊಸ ಹೊಳೆ ಕಂಡರೆ ಹೆಂಗಸರು ಗಂಗವ್ವನಿಗೆ ಉಡಿ ತುಂಬುತ್ತಾರೆ. ಅಕ್ಕಿ, ಕುಪ್ಪಸದ ಕಣ, ಅರಿಶಿನ, ತೆಂಗಿನಕಾಯಿ. ಎಲ್ಲ ತಂದು ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡು ಟೆಂಪೊ ಹತ್ತಿದೆ.

ಹಿರಿಯಡಕ ದಾಟುವಾಗ ತಿಮ್ಮಣ್ಣ ಭಾವನ ಕಣ್ಣಿಗೆ ಗಂಟು ಬಿತ್ತು. ನನ್ನ ಗಂಡನ ಅಣ್ಣ, ಗ್ಯಾಂಗಿನ ಮೇಸ್ತ್ರಿಯೂ ಅವರೇ.

"ಗಂಡ ಸತ್ತಾಕಿ ಉಡಿ ತುಂಬತೀಯೇನ ಹನುಮವ್ವ? ಗ್ಯಾಂಗಿಗೆ ಕೇಡು ತರಬ್ಯಾಡ. ನಿಮ್ಮಕ್ಕನ ಕೈಯಾಗ ಕೊಡು."

ಅಕ್ಕ ಎಂದರೆ ಅವರ ಹೆಂಡತಿ ಮಹಾಲಕ್ಷ್ಮಿ. ಅವಳು ಕಿಟಕಿಯಾಚೆ ಮುಖ ತಿರುಗಿಸಿದಳು.

"ನಾ ತಂದದ್ದು, ನಾನ ತುಂಬತೀನ್ರೀ."

"ಹಂಗಾರ ನಾಳಿಂದ ಬ್ಯಾರೆ ಗ್ಯಾಂಗ ನೋಡ್ಕೋ!"

ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ? ಪರ ಊರಲ್ಲಿ ಒಂಟಿ ಹೆಂಗಸಿಗೆ ಗ್ಯಾಂಗ್ ಬಿಟ್ಟರೆ ಯಾರಿದ್ದಾರೆ? ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ರಸ್ತೆಯ ಎರಡೂ ಕಡೆ ಕಾಡು, ಗುಡ್ಡ. ಎಲ್ಲರೂ ಆಹಾ ಎನ್ನುತ್ತಿದ್ದರು, ನನಗೆ ಒಂದೂ ಕಾಣಲಿಲ್ಲ. ಕಾರ್ಕಳದ ಬಂಡೆ ಹತ್ತಿ, ಎಲ್ಲವನ್ನೂ ಬಿಟ್ಟು ನಿಂತ ಗೊಮ್ಮಟನಿಗೆ ಕೈಮುಗಿದೆ. ಗಂಟು ಮಾತ್ರ ಬಿಡಲಿಲ್ಲ.

ಬೆಳ್ಮಣ್ಣು ಮಾರ್ಗವಾಗಿ ಕಾಪು ಮುಟ್ಟಿದೆವು. ಡ್ರೈವರ್ ಸ್ಟ್ಯಾನಿಸ್ಲಾಸ್ ಬಾಗಿಲು ತೆಗೆದು, "ನೀರಿನ ಸೆಳೆತ ಉಂಟು, ಮೊಣಕಾಲಿಗಿಂತ ಮೇಲೆ ಹೋಗಬೇಡಿ ಆಯ್ತಾ," ಎಂದ. ದೀಪಸ್ತಂಭದ ಬಂಡೆಯ ಪಕ್ಕದಲ್ಲಿ ನಾನು ಯಾರನ್ನೂ ಕಾಯದೆ ನೀರಿಗಿಳಿದೆ.

"ಏ, ನಿಲ್ಲು!" ಎಂದು ಭಾವ ಕೂಗಿದರು.

"ಗಂಗವ್ವನ ಕೊರಳಾಗ ತಾಳಿ ನೋಡೀರೇನು ಭಾವಾ?" ಎಂದು ನಾನೂ ಕೂಗಿದೆ. ಅಕ್ಕಿ, ಕಣ, ಅರಿಶಿನ ಅರ್ಪಿಸಿದೆ. ಕಾಯಿ ತೇಲಿಬಿಟ್ಟು ತಿರುಗಿದೆ.

ದಂಡೆಗೆ ಬರುವಷ್ಟರಲ್ಲಿ ತೆರೆಯೊಂದು ಅದೇ ಕಾಯಿಯನ್ನು ಉರುಳಿಸಿಕೊಂಡು ಬಂದು ಭಾವನ ಕಾಲ ಬಳಿ ಹಾಕಿತು.

"ನೋಡಿದಿ? ಗಂಗವ್ವ ನಿನ್ನ ಉಡಿ ಒಲ್ಲೆ ಅಂದಳು!"

ನಮ್ಮ ಹೊಳೆಯಲ್ಲಿ ಬಿಟ್ಟ ಕಾಯಿ ಮುಂದೆ ಹೋಗುತ್ತದೆ. ತಿರುಗಿ ಬಂದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಹೆಂಗಸರು ಬಾಯಿಯ ಮೇಲೆ ಕೈಯಿಟ್ಟರು. ಭಾವ ಕಾಯೆತ್ತಿ ಹೆಂಡತಿಯ ಕೈಗೆ ಕೊಟ್ಟರು.

"ನೀ ಬಿಡು. ಮುತ್ತೈದಿ ಕೊಟ್ರ ತಗೋತಾಳ."

ಅಕ್ಕ ನೀರಿಗಿಳಿದಳು, ನನ್ನ ಗಂಟಿನಲ್ಲಿ ಉಳಿದಿದ್ದ ಅರಿಶಿನ ಹಚ್ಚಿ, ಕಣ್ಣು ಮುಚ್ಚಿ ಭಕ್ತಿಯಿಂದ ಬಿಟ್ಟಳು. ಅವಳು ಕಣ್ಣು ತೆರೆಯುವ ಮೊದಲೇ ಕಾಯಿ ಅವಳನ್ನೂ ದಾಟಿ ದಂಡೆಗೆ ಬಂದಿತ್ತು.

ಅಕ್ಕ ಅದನ್ನು ನೋಡಿದಳು, ಗಂಡನನ್ನು ನೋಡಿದಳು.

"ನನ್ನದೂ ಒಲ್ಲೆ ಅಂದಳಲ್ರೀ. ನಾನೂ ಬ್ಯಾರೆ ಗ್ಯಾಂಗ ನೋಡ್ಕೋಬೇಕೇನು?"

ಮೊದಲು ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರಿಗೂ ನಗು ತಡೆಯಲಾಗಲಿಲ್ಲ. ನಾನು ಕಾಯಿ ತೆಗೆದುಕೊಂಡು ಬಂಡೆಗೆ ಒಡೆದೆ. ಮೊದಲ ಚೂರು ಅಕ್ಕನಿಗೆ ಕೊಟ್ಟೆ, ಅವಳು ಕಣ್ಣಿಗೊತ್ತಿಕೊಂಡು ತಿಂದಳು. ಉಳಿದವರೂ ಕೈಚಾಚಿದರು. ಭಾವ ಮಾತ್ರ ಕೈ ಕಟ್ಟಿಕೊಂಡೇ ನಿಂತರು.

ಅವರ ಪಾಲನ್ನು ಅವರೆದುರೇ ನಾನು ಬಾಯಿಗೆ ಹಾಕಿಕೊಂಡೆ.

"ನಾಳೆ ಕೆಲಸ ಎಷ್ಟಕ್ಕ ಚಾಲೂರೀ, ಭಾವಾ?"