ಈರುಳ್ಳಿ ಮಂಡಿಯ ಹಲಗೆ

ಮದುವೆಯಾದ ಮೇಲೆ ಶಿವರುದ್ರಮ್ಮ ಗುಂಡ್ಲುಪೇಟೆ ಬಿಟ್ಟು ಒಬ್ಬಳೇ ಹೋದದ್ದೆಂದರೆ ಪಕ್ಕದ ಹಂಗಳದ ತನಕ, ಅದೂ ಒಂದು ಸಾವಿಗೆ. ಈಗ ಚಾಮರಾಜನಗರದ ಕಾಲೇಜಿನಲ್ಲಿ ಪಾಠ ಹೇಳುವ ಅಣ್ಣನ ಮಗಳು ಪವಿತ್ರ ಫೋನ್ ಮಾಡಿದ್ದಳು. "ಅತ್ತೆ, ಅದೇ ನಾಟಕ ಆಡಿಸ್ತಿದೀವಿ. ಮುದಿ ದಾದಿ ಪಾರ್ಟು ನಿಮ್ಮದೇ. ಹದಿನೈದು ದಿನ ನಮ್ಮನೇಲೇ ಇದ್ಬುಡಿ."

ಅದೇ ನಾಟಕ. ಯೂರೋಪಿನ ಹಳೇ ಕಾಲದ್ದು. ಗಂಡ ಮುದ್ದಿಸಿದ್ದೇ ಬಂತು, ಮನುಷ್ಯಳೆಂದು ಎಣಿಸಲಿಲ್ಲ ಅಂತ ಹೆಂಡತಿ ಬಾಗಿಲು ಬಡಿದು ಹೊರಟುಬಿಡುತ್ತಾಳೆ. ಮೂವತ್ತಾರು ವರ್ಷದ ಹಿಂದೆ ಆ ಹೆಂಡತಿಯ ಪಾತ್ರ ಶಿವರುದ್ರಮ್ಮನದೇ. ಆಗ ಮುಖಕ್ಕೆ ಬಳಿದ ಪೌಡರಿನ ವಾಸನೆ ಅವಳಿಗೆ ಈಗಲೂ ನೆನಪಿದೆ. ತಾಲೀಮು ನೋಡಿದ ಊರ ಹಿರಿಯರು, "ಕೊಟ್ಟೆಣ್ಣು ಕುಲಕ್ಕೊರಗು. ಬಾಗ್ಲು ಬಡ್ದು ಇವ್ಳು ಎಲ್ಗೋದಾಳು? ವಸ್ತಿಲಲ್ಲಿ ಕುಂತು ಅಳ್ಲಿ, ಪರದೆ ಬುಡಿ" ಎಂದಿದ್ದರು. ನಾಟಕ ಕಲಿಸುತ್ತಿದ್ದ ಮರಿಮಲ್ಲಪ್ಪ ಮೇಷ್ಟ್ರು ಆಗಲೆಂದು ತಲೆಯಾಡಿಸಿದ್ದರು.

ನಾಟಕದ ದಿನ ಅವಳ ಕಾಲು ಕೂರಲು ಒಪ್ಪಲಿಲ್ಲ. ನೆಟ್ಟಗೆ ಹೊರಟಳು. ಬಾಗಿಲು ಬಡಿಯುವ ಸದ್ದು ಬೇಡವೆಂದು ಹೇಳಿದ್ದರೂ ಪರದೆಯ ಹಿಂದೆ ಒಬ್ಬ ತನ್ನಪ್ಪನ ಈರುಳ್ಳಿ ಮಂಡಿಯ ಬಾಗಿಲ ಹಲಗೆ ಹಿಡಿದು ನಿಂತೇ ಇದ್ದ. ಧಡ್ ಎಂದು ಬಡಿದ. ಒಂದು ಉಸಿರಿನಷ್ಟು ಹೊತ್ತು ಬಿಟ್ಟು ಅದರ ಸರಪಳಿ ಝಣ್ ಎನಿಸಿದ. ಆ ಸದ್ದಿಗೇ ಅವಳು ಅವನನ್ನು ಮದುವೆಯಾದದ್ದು.

ಅವನೇ ನೀಲಕಂಠಸ್ವಾಮಿ. ಹೊರಗೆ ಹೋಗುವವಳಿಗೆ ಬಾಗಿಲು ಬಡಿದ ಆಸಾಮಿ, ಅವಳು ಒಳಗೆ ಬಂದ ಮೇಲೆ ಅದನ್ನು ಯಾಕೆ ಮರೆತನೋ, ಶಿವನಿಗೇ ಗೊತ್ತು. ಪವಿತ್ರಳ ಫೋನು ಬಂದ ಮೇಲೆ ವಾರವಿಡೀ ಗೊಣಗಿದ. "ಈ ವಯಸ್ನಲ್ಲಿ ಬಣ್ಣ ಅಚ್ಕಂಡ್ರೆ ಜನ ಆಡ್ಕಳಲ್ವಾ? ನಂಗೆ ಮುದ್ದೆ ಯಾರು ತಿರುವ್ತಾರೆ?"

"ರಾಗಿಟ್ಟು ಡಬ್ಬದಲ್ಲಿ ಅದೆ, ಕೋಲು ಮೂಲೇಲದೆ. ನೀವೇ ತಿರುವ್ಕಳಿ" ಎಂದಳು ಶಿವರುದ್ರಮ್ಮ. ಇಷ್ಟು ವರ್ಷದಲ್ಲಿ ಹಾಗೆ ಅಂದದ್ದು ಇದೇ ಮೊದಲು. ಅವನು ಪೇಪರು ಮುಖಕ್ಕೆ ಅಡ್ಡ ಹಿಡಿದ.

ಅದೇ ದಿನ ಮಧ್ಯಾಹ್ನ ಬ್ಯಾಗು ಹಿಡಿದು ಹೊರಟಾಗಲೂ ಆ ಪೇಪರು ಇಳಿಯಲಿಲ್ಲ. ಬಾಗಿಲು ಬಡಿಯುವ ಮನಸ್ಸು ಅವಳಿಗಿರಲಿಲ್ಲ. ಓರೆ ಮಾಡಿ ಬೀದಿಗಿಳಿದಳು. ಮುನಿಸಿಕೊಂಡವನನ್ನು ಬಿಟ್ಟು ಹೋಗಿ ಮರಳಿ ಯಾವ ಮುಖದಲ್ಲಿ ಬರುವುದು? ನಾಲ್ಕು ಹೆಜ್ಜೆ ಹಾಕಿ ನಿಂತಳು. ವಾಪಸ್ಸು ಹೋಗಿಬಿಡೋಣ ಅನ್ನಿಸಿತು.

ಹಿಂದಿನಿಂದ ಬಾಗಿಲು ಧಡ್ ಎಂದಿತು.

ಕೋಪ, ಅಂದುಕೊಂಡಳು.

ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಸರಪಳಿ ಚಿಲಕ ಝಣ್ ಎಂದಿತು.

ಆ ನಾಟಕದಲ್ಲಿ ಹೆಂಡತಿ ಹಿಂತಿರುಗಿ ನೋಡುವಂತಿರಲಿಲ್ಲ. ಶಿವರುದ್ರಮ್ಮನೂ ನೋಡಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಚಾಮರಾಜನಗರದ ಬಸ್ಸಿಗೆ ನಡೆದಳು.