ಹಕ್ಕಿಯವ, ಚುಕ್ಕಿಯವ

ಗುಲ್ಬರ್ಗದ ಸ್ಟೇಷನ್ ರಸ್ತೆಯಲ್ಲಿ ದೌಲಪ್ಪ ಮತ್ತು ಗುಲಾಮ್ ರಸೂಲ್ ಸೇರಿ ಬೋರ್ಡ್ ಬರೆಯುವ ಅಂಗಡಿ ಇಟ್ಟಿದ್ದರು. ಉರ್ದು ಬೋರ್ಡು ರಸೂಲನ ಪಾಲು, ಕನ್ನಡ ಮರಾಠಿ ದೌಲಪ್ಪನ ಪಾಲು. ನಿಜಾಮರ ಕಾಲವಾದ್ದರಿಂದ ಉರ್ದುವಿಗೇ ಗಿರಾಕಿ ಹೆಚ್ಚು. ರಸೂಲ ಏಣಿಯ ಮೇಲಿದ್ದರೆ ದೌಲಪ್ಪ ಕೆಳಗೆ ಬಣ್ಣ ಕಲಸುತ್ತಿದ್ದ. ಅದಕ್ಕಾಗಿ ಅವರಲ್ಲಿ ಒಂದು ದಿನವೂ ಮಾತು ಬರಲಿಲ್ಲ. ಜಗಳವೆಲ್ಲ ಅಡಿವೆಪ್ಪನಿಗಾಗಿ.

ಅಡಿವೆಪ್ಪ ಎಂದರೆ ಒಂದು ಇಂಗ್ಲಿಷ್ ವಾರಪತ್ರಿಕೆಯ ಚಿತ್ರಕಥೆಯ ನಾಯಕ. ಕೂಸಿದ್ದಾಗಲೇ ಕಾಡುಪಾಲಾಗಿ, ಚಿರತೆಗಳ ನಡುವೆ ಬೆಳೆದು, ಸೊಂಟಕ್ಕೊಂದು ತುಂಡು ಚರ್ಮ ಸುತ್ತಿಕೊಂಡು ಮರದಿಂದ ಮರಕ್ಕೆ ಜಿಗಿಯುವ ಗಂಡು. ಮದ್ರಾಸಿನ ರೈಲಿನಲ್ಲಿ ದೊಡ್ಡವರು ಓದಿ ಬಿಟ್ಟುಹೋದ ಪತ್ರಿಕೆಗಳನ್ನು ಹಮಾಲ ಮಾಪಣ್ಣ ಆರಿಸಿ ತಂದು ಕೊಡುತ್ತಿದ್ದ. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾಯಕನ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಓದುವುದನ್ನು ಕೇಳಿ ಕಮಲಾಪುರದಿಂದ ಬಂದಿದ್ದ ದೌಲಪ್ಪನ ಅಕ್ಕ ಅಂಬಮ್ಮ ನಕ್ಕು, "ಅಡವ್ಯಾಗ ಇರಾಂವ ಅಡಿವೆಪ್ಪ, ತಗೀರಿ ಅತ್ಲಾಗ" ಎಂದಿದ್ದಳು. ಅದೇ ಹೆಸರು ನಿಂತಿತು.

ಒಂದು ವಾರ ಪತ್ರಿಕೆ ಬಿಡಿಸಿದ ರಸೂಲ ಹುಬ್ಬು ಗಂಟಿಕ್ಕಿದ. "ದೌಲೂ, ಇವ ನಮ್ಮ ಅಡಿವೆಪ್ಪ ಅಲ್ಲ. ಯಾರೋ ಬ್ಯಾರೆಯವರ ಕೈ ಇದು."

ನಿಜವಿತ್ತು. ಮೊದಲಿನ ಕಲಾವಿದ ಚಿತ್ರದ ಮೂಲೆಯಲ್ಲಿ ಪುಟ್ಟ ಹಕ್ಕಿಯೊಂದನ್ನು ಗೀಚುತ್ತಿದ್ದ. ಈ ಹೊಸಬ ಒಂದು ಚುಕ್ಕಿ ಇಡುತ್ತಿದ್ದ. ಅಂದಿನಿಂದ ಅವರ ಬಾಯಲ್ಲಿ ಒಬ್ಬ ಹಕ್ಕಿಯವ, ಇನ್ನೊಬ್ಬ ಚುಕ್ಕಿಯವ. ಹಕ್ಕಿಯವನ ಅಡಿವೆಪ್ಪ ಸಣಕಲ. ನಿಂತಲ್ಲಿ ನಿಂತವನೇ ಅಲ್ಲ. ಕಾಡೆಂದರೆ ಹಿಂದೆ ನಾಲ್ಕಾರು ಗೀಟು, ಉಳಿದುದೆಲ್ಲ ಬರೀ ಬಿಳಿ ಕಾಗದ, ಅದರಲ್ಲಿ ಹಾರುವ ಒಂದು ಮೈ. ಚುಕ್ಕಿಯವ ಹಾಗಲ್ಲ. ಎಲೆಯ ನರ ಬಿಡಿಸುತ್ತಿದ್ದ, ತೊಗಟೆಯ ಬಿರುಕು ಬಿಡಿಸುತ್ತಿದ್ದ. ಅವನ ಅಡಿವೆಪ್ಪ ದಪ್ಪ ಹೆಗಲಿನವನು, ಎಷ್ಟೋ ಸಲ ಸುಮ್ಮನೆ ಕೂತಿರುತ್ತಿದ್ದ, ದಣಿದಿರುತ್ತಿದ್ದ.

"ನಿನ್ನ ಚುಕ್ಕಿಯವ ಎಲಿ ಎಣಸ್ಲಾಕ ಕುಂತಾನ," ಎಂದು ರಸೂಲ ಕೆಣಕುತ್ತಿದ್ದ. "ಅಷ್ಟರಾಗ ನನ್ನ ಹಕ್ಕಿಯವ ಅಡವಿ ದಾಟಿ ಹೋಗಿರ್ತಾನ."

"ಹೋಗಿ ಎಲ್ಲಿ ಇಳೀತಾನ ರಸೂಲ್‌ಭಾಯಿ? ಗಾಳ್ಯಾಗ?" ಎಂದು ದೌಲಪ್ಪ ಕೇಳುತ್ತಿದ್ದ. ಚಹಾ ಆರುತ್ತಿತ್ತು, ಬಣ್ಣ ಕೆನೆಗಟ್ಟುತ್ತಿತ್ತು. ಗಿರಾಕಿ ಬಂದು ಕೆಮ್ಮಿದರೂ ಇಬ್ಬರಿಗೂ ಕೇಳಿಸುತ್ತಿರಲಿಲ್ಲ.

ನಲವತ್ತೆಂಟರ ಬೇಸಿಗೆಯಲ್ಲಿ ಆ ಜಗಳವೂ ನಿಂತಿತು. ನಿಜಾಮರ ಪರ ಕೋವಿ ಹಿಡಿದಿದ್ದ ರಜಾಕಾರರ ಗುಂಪೊಂದು ಅಂಗಡಿಗೆ ಬಂದು ದೌಲಪ್ಪನನ್ನು ಹೊರಗೆ ಕರೆದಾಗ ರಸೂಲ ಏಣಿಯಿಂದ ಇಳಿದು ಬಾಗಿಲಿಗೆ ಅಡ್ಡ ನಿಂತ. "ಇವ ನನ್ನ ಕೈ. ನನ್ನ ಕೈ ಒಯ್ದ್ರ ನಾ ಹ್ಯಾಂಗ ಬರೀಲಿ?" ಎಂದು ಉರ್ದುವಿನಲ್ಲಿ ಕೇಳಿದ. ಅವರು ಬೈದುಕೊಳ್ಳುತ್ತ ಹೋದರು. ರಸೂಲ ಮತ್ತೆ ಏಣಿ ಹತ್ತಿದ.

ಸಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು. ರಜಾಕಾರರು ಹೇಳಹೆಸರಿಲ್ಲದಂತೆ ಕರಗಿಹೋದರು. ಆದರೆ ಅವರ ಮೇಲಿದ್ದ ಸಿಟ್ಟು ಕರಗಲಿಲ್ಲ. ಅದು ಏನೂ ಅರಿಯದವರ ಮನೆಬಾಗಿಲಿಗೆ ಹೋಯಿತು. ರಸೂಲನ ತಮ್ಮ ಲಾಲ್ ಅಹ್ಮದ್ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ ಹುಡುಗಾಟದ ಮನುಷ್ಯ. ಹಳ್ಳಿಯಲ್ಲಿದ್ದ ಅತ್ತೆಯನ್ನು ಕರೆತರಲು ಹೋದವನು ತಿರುಗಿ ಬರಲಿಲ್ಲ. ದಾರಿಯಲ್ಲಿ ಅವನನ್ನು ಕೊಂದು ಬಾವಿಗೆ ಹಾಕಿದ್ದನ್ನು ಕಂಡವರೊಬ್ಬರು ಬಂದು ಹೇಳಿದರು. ಮಣ್ಣು ಕೊಡಲು ಮೈ ಕೂಡ ಸಿಗಲಿಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ದೌಲಪ್ಪ ಎತ್ತಿನ ಬಂಡಿ ಕಟ್ಟಿಸಿದ. ರಸೂಲನನ್ನೂ ಅವನ ಹೆಂಡತಿ ಇಕ್ಬಾಲ್ ಬೇಗಂಳನ್ನೂ ಜೋಳದ ಕಣಿಕೆಯ ನಡುವೆ ಕೂಡಿಸಿ ಕಮಲಾಪುರದ ಹಾದಿ ಹಿಡಿದ. ಅಲ್ಲಿ ಅಂಬಮ್ಮನ ಗಂಡ ಕಲ್ಯಾಣಪ್ಪನದು ಕೆಂಬಾಳೆಯ ತೋಟ; ತೋಟದಲ್ಲೇ ಮನೆ. ಯಾರಾದರೂ ಕೇಳಿದರೆ ಕಲ್ಯಾಣಪ್ಪ, "ನಮ್ಮ ಬೀಗರು ಬಂದಾರ್ರೀ" ಎನ್ನುತ್ತಿದ್ದ. ಆ ಬೀಗರು ಐದು ಹೊತ್ತು ನಮಾಜು ಮಾಡುತ್ತಾರೆಂದು ಊರಿಗೆ ತಿಳಿಯದೆ ಇರಲಿಲ್ಲ. ಆದರೂ ಊರು ಸುಮ್ಮನಿತ್ತು.

ರಸೂಲನ ಬಾಯಿ ಮಾತ್ರ ಕಟ್ಟಿಹೋಗಿತ್ತು. ಕೊಟ್ಟಿದ್ದನ್ನು ಉಣ್ಣುತ್ತಿದ್ದ. ಕೊಟ್ಟಿಗೆಯ ಸುಣ್ಣದ ಗೋಡೆಗೆ ಒರಗಿ ಕೂತರೆ ಕೂತೇ ಇರುತ್ತಿದ್ದ.

"ಅತ್ತಿದ್ರ ಬೇಷಿತ್ತು," ಎಂದಳು ಇಕ್ಬಾಲ್ ಬೇಗಂ, ದೌಲಪ್ಪ ಗುಲ್ಬರ್ಗದಿಂದ ಬಂದಾಗ. "ಒಂದ್ ಹನಿ ನೀರು ಬಂದಿಲ್ಲ ಕಣ್ಣಾಗ. ನಿನ್ನ ಜೋಡಿ ಒಂದು ಮಾತಾಡ್ಯಾನ ಏನು, ಭಯ್ಯಾ?"

ಇಲ್ಲವೆಂದು ದೌಲಪ್ಪ ತಲೆಯಾಡಿಸಿದ. ಆ ಸಲ ಅಂಗಡಿಯಲ್ಲಿದ್ದ ಹಳೆಯ ಪತ್ರಿಕೆಗಳ ಕಟ್ಟನ್ನೇ ಹೊತ್ತು ತಂದಿದ್ದ. ರಸೂಲನ ಮುಂದೆ ಅವನ್ನು ಹರವಿ, "ರಸೂಲ್‌ಭಾಯಿ, ನಾ ಸೋತೆ. ನಿನ್ನ ಹಕ್ಕಿಯವನೇ ದೊಡ್ಡಾಂವ," ಎಂದ. ಇಷ್ಟು ವರ್ಷದಲ್ಲಿ ಈ ಮಾತು ಅವನ ಬಾಯಿಂದ ಬಂದಿರಲಿಲ್ಲ. ರಸೂಲ ಅವನ ಮುಖ ನೋಡಿದ, ಮತ್ತೆ ನೆಲ ನೋಡಿದ. ಕನಿಕರಕ್ಕೆ ಹೇಳಿದ ಮಾತೆಂದು ಅವನಿಗೆ ತಿಳಿದುಹೋಗಿತ್ತು.

ದೌಲಪ್ಪನಿಗೆ ನಾಚಿಕೆಯಾಯಿತು. ಇನ್ನೇನು ಮಾಡಬೇಕೋ ತೋಚದೆ ಒಲೆಯಿಂದ ಒಂದು ತುಂಡು ಇದ್ದಲು ತಂದ. ಹಕ್ಕಿಯವನ ಒಂದು ಜಿಗಿತವನ್ನು ಎದುರಿಗಿಟ್ಟುಕೊಂಡು ಗೋಡೆಯ ಮೇಲೆ ಬರೆಯತೊಡಗಿದ. ಗೆಳೆಯನಿಗೆ ಪ್ರಿಯವಾದದ್ದು ಅವನ ಕಣ್ಣೆದುರು ಇರಲಿ, ಅಷ್ಟೇ ಅವನ ಆಸೆ. ಆದರೆ ಕೈ ಒಲಿಯಲಿಲ್ಲ. ಹತ್ತು ಗೀಟಿನಲ್ಲಿ ಮುಗಿಯಬೇಕಾದ ಮೈಯನ್ನು ಅಳಿಸಿದ, ತಿದ್ದಿದ, ಮತ್ತೆ ಅಳಿಸಿದ. ಬೆವರಿದ. ಹಾಲು ಕರೆಯಲು ಬಂದ ಅಂಬಮ್ಮ ಚೊಂಬು ಹಿಡಿದು ನಿಂತು ನೋಡಿದಳು.

"ಏನೋ ತಮ್ಮಾ ಇದು, ಬಾಳಿಗೊನಿ ಹರಕೊಂಡು ಬಿದ್ದಂಗ ಅದ?"

"ಬೀಳ್ಲಾಕತ್ತಿಲ್ಲಕ್ಕಾ, ಜಿಗೀಲಾಕತ್ಯಾನ."

"ಬೀಳ್ಲಾಕತ್ಯಾನ," ಎಂದಿತು ಹಿಂದಿನಿಂದ ಒಂದು ದನಿ.

ರಸೂಲ ಎದ್ದು ನಿಂತಿದ್ದ. ಬಹಳ ದಿನ ಬಳಸದ ಗಂಟಲು ಗೊಗ್ಗರಾಗಿತ್ತು. "ಸೊಂಟ ಹಿಂದ ಉಳೀಬೇಕು ದೌಲೂ. ಎದಿ ಮೊದಲು ಹೋಗ್ತದ, ಸೊಂಟ ಆಮ್ಯಾಗ. ಎಷ್ಟ್ ಸಲ ಹೇಳೀನಿ ನಿನಗ? ಕೊಡಿಲ್ಲಿ."

ಇದ್ದಲು ಕಸಿದುಕೊಂಡು ದೌಲಪ್ಪನ ಚಿತ್ರದ ಪಕ್ಕದಲ್ಲೇ ಎಳೆದ. ಬೆನ್ನಿಗೊಂದು ಗೀಟು, ಮುಂದೆ ಚಾಚಿದ ಕೈಗೊಂದು, ಹಿಂದೆ ಉಳಿದ ಕಾಲಿಗೊಂದು. ಗೋಡೆಯ ಮೇಲೊಬ್ಬ ಗಂಡು ಗಾಳಿಯಲ್ಲಿದ್ದ. ಅಂಬಮ್ಮ ಚೊಂಬು ಕೆಳಗಿಟ್ಟಳು. ರಸೂಲ ಮುಖಕ್ಕೆ ಬಂದ. ಗದ್ದ ಬರೆದ, ತುಸು ಸೊಟ್ಟಗಿನ ಮೂಗು ಬರೆದ, ನಗೆ ತಡೆದ ತುಟಿ ಬರೆದ. ಅಲ್ಲಿಗೆ ಅವನ ಕೈ ನಿಂತಿತು.

ಅದು ಲಾಲ್ ಅಹ್ಮದನ ಮುಖ.

"ನಾ ಬರೀಬೇಕಂತ ಬರದಿಲ್ಲ," ಎಂದ ರಸೂಲ. "ಅಡಿವೆಪ್ಪನಂಗ ಬೇವಿನ ಗಿಡಕ್ಕ ಜೋತುಬಿದ್ದು 'ಭಾಯಿಜಾನ್, ಹಿಂಗೇನು? ಹಿಂಗೇನು?' ಅಂತ ಕೇಳಾಂವ. ಅಂವನ್ನ ನೋಡೇ ಕಲ್ತದ್ದು ನಾ, ಜಿಗಿಯೋದನ್ನ ಬರಿಯೋದು..." ಗೋಡೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ. ಒಳಗಿನಿಂದ ಇಕ್ಬಾಲ್ ಬೇಗಂ ಓಡಿಬಂದಳು. ಅಂಬಮ್ಮ ಅವಳ ತೋಳು ಹಿಡಿದು ನಿಲ್ಲಿಸಿ, "ಅಳ್ಲಿ ಬಿಡವ್ವಾ," ಎಂದಳು.

ದೌಲಪ್ಪ ಉಳಿದಿದ್ದ ಚೂರು ಇದ್ದಲು ಹಿಡಿದು ಆ ಚಾಚಿದ ಕೈಯ ಮುಂದೆ ಒಂದು ಕೊಂಬೆ ಬರೆದ. ಕೊಂಬೆಗೆ ಟಿಸಿಲು, ಟಿಸಿಲಿಗೆ ಬೇವಿನ ಎಲೆ. ಚುಕ್ಕಿಯವನ ಹಾಗೆ ಒಂದೊಂದಾಗಿ, ಅವಸರವಿಲ್ಲದೆ ಬರೆಯುತ್ತ ಹೋದ. ಅಳು ತಗ್ಗಿದ ಮೇಲೆ ರಸೂಲ ತೋಳಿನಿಂದ ಮುಖ ಒರೆಸಿಕೊಂಡು ನೋಡಿದ.

"ಇನ್ನೊಂಚೂರು ಕೆಳಗ ತಗೋ," ಎಂದ ಮೆಲ್ಲಗೆ. "ಕೈಗಿ ಸಿಗಬೇಕು ಅವಗ."

ದೌಲಪ್ಪ ಕೊಂಬೆಯನ್ನು ಅಳಿಸಿ ಕೆಳಗೆ ತಂದ.

ಚಳಿಗಾಲ ಕಳೆದ ಮೇಲೆ ಅವರು ಗುಲ್ಬರ್ಗಕ್ಕೆ ಮರಳಿದರು. ಇಕ್ಬಾಲ್ ಬೇಗಂಳ ಅಣ್ಣ ಕರಾಚಿಗೆ ಹೊರಟವನು ಜೊತೆಗೆ ಬರಲು ಒತ್ತಾಯ ಮಾಡಿದ. ರಸೂಲ ಒಂದು ವಾರ ಯೋಚನೆ ಮಾಡಿ, ಲಾಲ್ ಎಲ್ಲಿದ್ದಾನೋ ಆ ನೆಲ ಬಿಟ್ಟು ತಾನು ಬರಲಾರೆ ಎಂದ. ಸರಕಾರ ಬದಲಾದಂತೆ ಉರ್ದು ಬೋರ್ಡು ಕೇಳುವವರು ಕಡಿಮೆಯಾದರು. ದೌಲಪ್ಪ ಅವನಿಗೆ ಕನ್ನಡದ ಅಕ್ಷರ ಕಲಿಸಿದ. ರಸೂಲ ಬರೆದ ಕೊಂಬು ದೀರ್ಘಗಳು ಓಡುವ ಹಾಗೆ ಇರುತ್ತಿದ್ದವು. ಈಗ ಏಣಿಯ ಮೇಲೆ ಒಮ್ಮೆ ಅವನು, ಒಮ್ಮೆ ಇವನು. ಕೆಲವು ದಿನ ರಸೂಲ ಕುಂಚ ಹಿಡಿದವನು ಹಾಗೇ ಕೂತುಬಿಡುತ್ತಿದ್ದ. ಅಂಥ ದಿನ ದೌಲಪ್ಪ ಅವನ ಪಾಲಿನ ಕೆಲಸವನ್ನೂ ಮಾಡಿ ಮುಗಿಸುತ್ತಿದ್ದ.

ಐವತ್ತೊಂದರಲ್ಲಿ ಒಂದು ಮಧ್ಯಾಹ್ನ ಮಾಪಣ್ಣ ಪತ್ರಿಕೆ ತಂದ. ಬಿಡಿಸಿ ನೋಡಿದರೆ ಮೂರನೆಯವನ ಕೈ! ಮೂಲೆಯಲ್ಲಿ ಹಕ್ಕಿಯೂ ಇಲ್ಲ, ಚುಕ್ಕಿಯೂ ಇಲ್ಲ. ಅಡಿವೆಪ್ಪನ ತಲೆಗೂದಲಿಗೆ ಎಣ್ಣೆ ಹಚ್ಚಿ ಬೈತಲೆ ತೆಗೆದ ಹಾಗಿತ್ತು. ಕೆನ್ನೆ ತುಂಬಿಕೊಂಡಿತ್ತು.

"ಛೇ," ಎಂದ ರಸೂಲ.

"ಛೇ," ಎಂದ ದೌಲಪ್ಪ.

ಇಬ್ಬರೂ ಒಪ್ಪಿದ ಮೇಲೆ ಮಾತೇ ಉಳಿಯಲಿಲ್ಲ. ಒಬ್ಬ ಕುಂಚ ತೊಳೆದ, ಇನ್ನೊಬ್ಬ ರಸ್ತೆ ನೋಡಿದ. ಅಷ್ಟರಲ್ಲಿ ಬುತ್ತಿ ತಂದ ಇಕ್ಬಾಲ್ ಬೇಗಂ ಪತ್ರಿಕೆಯ ಮೇಲೆ ಬಾಗಿದಳು. ಇಷ್ಟು ವರ್ಷ ಈ ವಿಷಯದಲ್ಲಿ ಅವಳು ತುಟಿ ಬಿಚ್ಚಿದವಳಲ್ಲ.

"ಮೂವರೊಳಗ ಇವನೇ ಚಲೋ ಅದಾನ," ಎಂದಳು. "ಹೊತ್ತಿಗಿ ಸರಿಯಾಗಿ ಉಂಡಾಂವ ಕಾಣ್ತಾನ."

"ಕ್ಯಾ?" ಎಂದು ರಸೂಲ ಕುಂಚ ಬಿಟ್ಟು ಎದ್ದ. "ಅಡವ್ಯಾಗ ಇರಾಂವಗ ಬೈತಲಿ ಯಾರು ತಗೀತಾರ?"

"ಭಾಬಿ, ಇಲ್ಲಿ ನೋಡ್ರೀ, ಈ ಗಿಡದ ಎಲಿ ನೋಡ್ರೀ ಒಂಚೂರು!" ಎಂದು ದೌಲಪ್ಪ ಇನ್ನೊಂದು ಕಡೆಯಿಂದ ಬಂದ.

ಅವಳು ಜಗ್ಗಲಿಲ್ಲ. ಬುತ್ತಿಯ ಗಂಟು ಬಿಚ್ಚಿ, ಇಬ್ಬರ ಮುಂದೆಯೂ ರೊಟ್ಟಿ ಇಟ್ಟು, "ಮೊದಲು ಉಣ್ರಿ," ಎಂದಳು. ಅವರು ಬಾಯಲ್ಲಿ ತುತ್ತಿಟ್ಟುಕೊಂಡೇ ಜಗಳ ಮುಂದುವರಿಸಿದರು.